ಬೆಂಕಿಯಿಂದ ಏಳುವ ದಿನ

ಬಿಳಿಯದನ್ನೆಲ್ಲ ಕೊಂದು ಮುಗಿಸಿದ ಮೇಲೆ ಬಾನ್ ನಾಕೂನ್ ಊರಿನ ಹೆಂಗಸರಿಗೆ ಉಳಿದದ್ದು ಹೊಗೆಯ ಚಿಂತೆ.

ಮೊದಲು ಬಿಳಿ ಕೋಳಿಗಳ ಕುತ್ತಿಗೆ ಮುರಿದರು. ಆಮೇಲೆ ಬಿಳಿ ನಾಯಿಯ ಸರದಿ ಬಂತು. ಬುವಾಲಾ ತನ್ನ ಬೆಳ್ಳನೆಯ ಎಮ್ಮೆಗರುವಿಗೆ ಒಲೆಯ ಮಸಿ ಬಳಿದು ಕೆಲವು ದಿನ ಕಾಪಾಡಿದಳು. ಮಳೆ ಹೊಯ್ದು ಮಸಿ ತೊಳೆದುಹೋದಾಗ ಅದನ್ನೂ ಕಡಿದು ಹಂಚಿಕೊಂಡರು. ಉಡುವ ಲಂಗ, ಹೊದಿಕೆ, ಕೂಸಿನ ಬಟ್ಟೆ ಎಲ್ಲವನ್ನೂ ಕಪ್ಪು ಕೆಸರಿನಲ್ಲಿ ಅದ್ದಿ ಒಣಗಿಸಿದರು. ವಿಮಾನದವನ ಕಣ್ಣಿಗೆ ಬಿಳಿ ಬಿದ್ದರೆ ಅಲ್ಲಿ ಜನ ಇದ್ದಾರೆ ಎಂದು ಅವನಿಗೆ ತಿಳಿಯುತ್ತದೆ. ಹೊಗೆ ಕಂಡರಂತೂ ಅನುಮಾನವೇ ಉಳಿಯುವುದಿಲ್ಲ. ಇದನ್ನು ಊರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸತ್ತು ಸತ್ತು ಕಲಿತಿತ್ತು.

ಊರು ಸುಟ್ಟುಹೋದದ್ದು ಒಂದು ಮಧ್ಯಾಹ್ನ, ನಾಟಿಯ ನಡುವೆ. ಬುವಾಲಾ ತನ್ನ ಅಕ್ಕನ ಜೊತೆ ಗದ್ದೆಯಲ್ಲಿ ಬಗ್ಗಿದ್ದಳು. ಎರಡು ಗುಡ್ಡಗಳ ಸಂದಿಯಿಂದ ವಿಮಾನ ನುಗ್ಗಿತು, ಅದರ ಸದ್ದು ಹಿಂದಿನಿಂದ ಬಂತು. ಸದ್ದು ಕಿವಿಗೆ ಬೀಳುವ ಹೊತ್ತಿಗೆ ಬೌದ್ಧ ಮಠದ ಮಾಡು ಮೇಲೆದ್ದು ಗಾಳಿಯಲ್ಲಿ ತಿರುಗುತ್ತಿತ್ತು. ಇನ್ನೊಂದು ಸುತ್ತಿಗೆ ಬಂದ ವಿಮಾನ ಉದ್ದನೆಯ ಡಬ್ಬಿಯೊಂದನ್ನು ಬಿಟ್ಟಿತು. ಡಬ್ಬಿ ಆಕಾಶದಲ್ಲೇ ಬಿಚ್ಚಿಕೊಂಡು ಕಿತ್ತಳೆ ಗಾತ್ರದ ಗುಂಡುಗಳನ್ನು ಗದ್ದೆಯ ಮೇಲೆಲ್ಲ ಚೆಲ್ಲಿತು. ಕೆಸರಿನಲ್ಲಿ ಬಿದ್ದ ಕೆಲವು ಸುಮ್ಮನೆ ಹೂತುಕೊಂಡವು; ಬದುವಿನ ಮೇಲೆ ಬಿದ್ದವು ಸಿಡಿದವು. ಅಕ್ಕ ನಿಂತೇ ಇದ್ದಳು. ಕೈಯಲ್ಲಿ ಸಸಿಯ ಕಟ್ಟು ಇತ್ತು, ಮುಖ ಇರಲಿಲ್ಲ. ಆಮೇಲೆ ಕೂರಲು ಹೊರಟವಳ ಹಾಗೆ ಕುಸಿದಳು. ನೀರಿನಲ್ಲಿ ಬೋರಲು ಬಿದ್ದಿದ್ದ ಬುವಾಲಾ, ಅಕ್ಕನ ರಕ್ತ ಗದ್ದೆಯ ನೀರಿನ ಮೇಲೆ ತೇಲುತ್ತ ತನ್ನ ಬಾಯಿಯ ಕಡೆಗೇ ಬರುವುದನ್ನು ಕಂಡು ತುಟಿ ಬಿಗಿದುಕೊಂಡಳು.

ಅಂದಿನಿಂದ ಊರು ಬಾವಲಿ ಗವಿಯಲ್ಲಿ ಬದುಕಿತು. ಬಿದಿರುಮೆಳೆಯ ಹಿಂದೆ ಗವಿಯ ಬಾಯಿ. ಒಳಗೆ ಹೋದಂತೆ ಎತ್ತರವಾಗುತ್ತಿತ್ತು. ಕೊನೆಯಲ್ಲಿ ಗುಡ್ಡದ ನೆತ್ತಿಯವರೆಗೆ ಹೋಗುವ ಒಂದು ಬಿರುಕು. ಅದರಿಂದ ಹಗಲಿನಲ್ಲಿ ಒಂದು ಎಳೆ ಬೆಳಕು ಇಳಿಯುತ್ತಿತ್ತು.

ಬುವಾಲಾ ಐವತ್ತರ ಹತ್ತಿರದವಳು. ಸಿಯೆಂಗ್ ಖ್ವಾಂಗ್ ಸೀಮೆಯಲ್ಲೇ ಹುಟ್ಟಿ, ಅಲ್ಲೇ ನೆಯ್ದು, ಅಲ್ಲೇ ಹೆತ್ತು, ಅಲ್ಲೇ ಹೂಳಿದವಳು. ಅವಳು ನೆಯ್ದ ಲಂಗದ ಅಂಚಿಗೆ ಆಚೆ ಕಣಿವೆಯವರೂ ಬರುತ್ತಿದ್ದರು. ಗಂಡನನ್ನು ಯಾವುದೋ ಪಡೆಯವರು ಹೊರೆ ಹೊರಲು ಕರೆದುಕೊಂಡು ಹೋದರು. ಹೊರೆ ಎಲ್ಲಿಗೆ ಮುಟ್ಟಿತೋ, ಅವನು ಮರಳಲಿಲ್ಲ. ಒಬ್ಬ ಮಗ ಸರ್ಕಾರದ ಸೈನ್ಯದಲ್ಲಿದ್ದ, ಇನ್ನೊಬ್ಬ ಸರ್ಕಾರದ ವಿರುದ್ಧ ಹೋರಾಡುವ ಕಾಡಿನ ಪಡೆಯಲ್ಲಿದ್ದ. ಇಬ್ಬರೂ ತಾವಾಗಿ ಹೋದರು ಎನ್ನುವಂತಿರಲಿಲ್ಲ. ಯಾರು ಮೊದಲು ಬಂದರೋ ಅವರು ಎಳೆದುಕೊಂಡು ಹೋದರು. ಉಳಿದವಳು ಕೊನೆಯ ಮಗಳು ಓನ್ಸೀ. ಆ ಜನರಲ್ಲಿ ಮನೆ ಕೊನೆಯ ಮಗಳಿಗೆ, ಅಳಿಯ ಬಂದು ಸೇರಬೇಕು. ಓನ್ಸೀಗೆ ಗಂಡನೂ ಬಂದ, ಹೊಟ್ಟೆಯೂ ಬಂತು. ಮನೆ ಮಾತ್ರ ಉಳಿಯಲಿಲ್ಲ. ಅಳಿಯನನ್ನೂ ಪಡೆ ಕರೆದುಕೊಂಡು ಹೋಯಿತು.

ಯುದ್ಧ ಗಂಡಸರದು ಎನ್ನುತ್ತಾರೆ. ಬಾನ್ ನಾಕೂನಿನಲ್ಲಿ ಅದರ ದುಡಿಮೆ ಹೆಂಗಸರ ಮೈಮೇಲೆ ಬಿದ್ದಿತ್ತು. ಹಗಲು ಹೊರಗೆ ತಲೆ ಹಾಕುವಂತಿಲ್ಲವಾದ್ದರಿಂದ ಕತ್ತಲಾದ ಮೇಲೆ ಉಳುವುದು, ಕಳೆ ಕೀಳುವುದು. ಎಮ್ಮೆ ಸತ್ತ ಮನೆಯಲ್ಲಿ ನೇಗಿಲಿಗೆ ಹೆಂಗಸೇ ಹೆಗಲು ಕೊಡುವುದು. ಕೆಸರಿನಲ್ಲಿ ಹೂತ ಗುಂಡು ಕಾಲಿಗೆ ತಗುಲಿದರೆ ಮುಗಿಯಿತು, ಆದ್ದರಿಂದ ಕೈಯಿಂದ ಸವರಿ ಸವರಿ ಹೆಜ್ಜೆ ಇಡುವುದು. ಬೆಳಗಿನ ಮಂಜು ಇರುವಾಗಲೇ ಇಡೀ ದಿನದ ಅಂಟನ್ನ ಬೇಯಿಸಿ ಒಲೆ ಆರಿಸಿ ಬೂದಿ ಮುಚ್ಚುವುದು. ಆಮೇಲೆ ಗವಿಯೊಳಗೆ ಕಾಲಿನಿಂದ ತುಳಿಯುವ ಒನಕೆಯಲ್ಲಿ ಭತ್ತ ಕುಟ್ಟುವುದು. ತಮಗೆ ಮಾತ್ರವಲ್ಲ, ಕಾಡಿನಲ್ಲಿದ್ದ ಪಡೆಗೂ. ಕುಟ್ಟಿದ ಅಕ್ಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿ ಒಪ್ಪಿಸುವುದು. ಹೊರುವ ಸರದಿ ಬರುವವರೆಗೆ ಮೂಟೆಗಳು ಗವಿಯ ಬಾಯಿಯ ಪಕ್ಕದಲ್ಲೇ ಇರುತ್ತಿದ್ದವು.

ಒಮ್ಮೆ ಸರ್ಕಾರದ ಪರವಾಗಿ ಹಾರುತ್ತಿದ್ದ ಅಮೆರಿಕದ ವಿಮಾನ ಬಾಂಬಿನ ಬದಲು ಕಾಗದ ಉದುರಿಸಿತು. ಎಲ್ಲರೂ ಮಾವ ಎನ್ನುತ್ತಿದ್ದ ಊರಿನ ಹಿರಿಯ ಥಿತ್ ಬುನ್ ಹಿಂದೆ ಮಠದಲ್ಲಿ ಭಿಕ್ಷುವಾಗಿದ್ದವನು, ಓದು ಬಲ್ಲವನು. ಕಾಗದವನ್ನು ಬಿರುಕಿನ ಬೆಳಕಿಗೆ ಹಿಡಿದು ಓದಿದ. ಜಾಗ ಬಿಟ್ಟು ಸರ್ಕಾರದ ಕಡೆಗೆ ಬನ್ನಿ, ಬಂದವರಿಗೆ ಭಯವಿಲ್ಲ, ಉಳಿದವರನ್ನು ಶತ್ರುವೆಂದು ತಿಳಿಯುತ್ತೇವೆ ಎಂದಿತ್ತು.

"ಪಡೆಯವರು ಏನಂತಾರೆ?" ಎಂದು ಒನಕೆ ತುಳಿಯುತ್ತಿದ್ದ ಮಾಲೀ ಕೇಳಿದಳು. ಮಾಲೀ ಬುವಾಲಾಳ ಪಕ್ಕದ ಮನೆಯವಳು. ಮನೆಗಳು ಹೋದ ಮೇಲೆ ಪಕ್ಕದ ಚಾಪೆಯವಳು. ಮುದಿ ತಾಯಿ ಮತ್ತು ನೋಯ್ ಎಂಬ ಪುಟ್ಟ ಮಗಳು ಅವಳ ಸಂಸಾರ.

"ಹೋದೋರು ದ್ರೋಹಿಗಳು ಅಂತಾರೆ."

"ಸರಿ. ಒಬ್ಬ ಇರಬೇಡ ಅಂತ ಕೊಲ್ತಾನೆ, ಇನ್ನೊಬ್ಬ ಹೋಗಬೇಡ ಅಂತ ಕೊಲ್ತಾನೆ. ಇಷ್ಟೊಂದು ಗಿರಾಕಿ ನನಗೆ ಮದುವೆ ವಯಸ್ಸಲ್ಲಿ ಬರಲಿಲ್ಲ." ಮಾಲೀ ಒನಕೆಯನ್ನು ಒಮ್ಮೆ ಜೋರಾಗಿ ತುಳಿದಳು. "ಅಲ್ಲ ಮಾವ, ಅವನಿಗೆ ಬೇಕಾಗಿರೋದು ಪಡೆಯವರು. ಅವರು ಕಾಡಲ್ಲಿದ್ದಾರೆ. ಕಾಡಿಗೆ ಹಾಕಲಿ. ನನ್ನ ಸೌತೆಬಳ್ಳಿ ಅವನಿಗೇನು ಮಾಡ್ತು?"

"ಕಾಡಲ್ಲಿರೋರು ಅವನ ಕಣ್ಣಿಗೆ ಬೀಳಲ್ಲ. ನಾವು ಬೀಳ್ತೀವಿ, ಅದಕ್ಕೆ."

"ಅಷ್ಟೇ ಅಲ್ಲ," ಎಂದಳು ಮೊರ ಹಿಡಿದು ಕೂತಿದ್ದ ಬುವಾಲಾ. "ಅವನೇನು ದಡ್ಡನಲ್ಲ. ಪಡೆಯವನಿಗೆ ಅನ್ನ ಎಲ್ಲಿಂದ ಬರುತ್ತೆ? ಈ ಒರಳಿಂದ. ಹೊತ್ತು ಹಾಕೋರು ಯಾರು? ನಾವು. ಮರ ಕೈಗೆ ಎಟುಕದಿದ್ದೋನು ಬೇರಿಗೆ ಬಿಸಿನೀರು ಹೊಯ್ತಾನೆ. ನಮ್ಮ ಮೇಲೆ ಬೀಳ್ತಿರೋದು ಅದು."

ಮಾಲೀ ಒನಕೆ ನಿಲ್ಲಿಸಿದಳು. "ಹಾಗಾದ್ರೆ ನಾವು ದೊಡ್ಡ ಮನುಷ್ಯರಾದ್ವಿ ಬಿಡಕ್ಕ. ನನ್ನ ಗಂಡ ಅಷ್ಟು ವರ್ಷ ತಿಂದ, ಒಂದಿನಾನೂ ಇದನ್ನ ಕೆಲಸ ಅನ್ನಲಿಲ್ಲ. ಅಮೆರಿಕದವನು ಆಕಾಶದಿಂದ ನೋಡಿ ಹೇಳ್ಬೇಕಾಯ್ತು, ಯುದ್ಧ ನಡೆಸ್ತಿರೋದು ನನ್ನ ಒನಕೆ ಅಂತ."

ಹೆಂಗಸರು ಬಾಯಿಗೆ ಕೈ ಒತ್ತಿಕೊಂಡು ನಕ್ಕರು. ವಿಮಾನಕ್ಕೆ ನಗು ಕೇಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬಾಯಿ ಮುಚ್ಚುವುದು ಅಭ್ಯಾಸವಾಗಿತ್ತು.

ಓನ್ಸೀಗೆ ತಿಂಗಳು ತುಂಬುತ್ತ ಬಂದ ಹಾಗೆ ಬುವಾಲಾ ಬೆಂಕಿಯ ಮಾತೆತ್ತಿದಳು. ಅವರಲ್ಲಿ ಹೆತ್ತವಳನ್ನು ಬೆಂಕಿಗೆ ಕೂರಿಸುತ್ತಾರೆ. ಬಿದಿರಿನ ಮಂಚದ ಕೆಳಗೆ ಹಗಲೂ ಇರುಳೂ ಕೆಂಡ. ಮಂಚದ ಮೇಲೆ ಬಾಣಂತಿ, ಮಗ್ಗುಲು ಬದಲಿಸುತ್ತ, ಬೇರು ಕುದಿಸಿದ ನೀರು ಕುಡಿಯುತ್ತ ಬೇಯಬೇಕು. ಚೊಚ್ಚಲಿಗೆ ಹೆಚ್ಚು ದಿನ. ಬೆಂಕಿ ಕಾಣದ ಬಾಣಂತಿಯ ಗರ್ಭ ಒಣಗುವುದಿಲ್ಲ, ರಕ್ತ ಕೆಡುತ್ತದೆ, ಅವಳು ಉಳಿಯುವುದಿಲ್ಲ. ಮಳೆಗಾಲದಲ್ಲಿ ಇದೇ ಗವಿಯಲ್ಲಿ ಒಬ್ಬ ಹುಡುಗಿ ಹೆತ್ತಿದ್ದಳು. ಥಿತ್ ಬುನ್ ಬೆಂಕಿ ಬೇಡವೆಂದಿದ್ದ. ಅವಳು ನಡುಗಿ ನಡುಗಿ, ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ ಸತ್ತಳು. ಅವಳನ್ನು ತೊಳೆದವಳು ಬುವಾಲಾ.

"ಈಗಲೂ ಬೇಡ ಅಂತೀನಿ," ಎಂದ ಥಿತ್ ಬುನ್. "ಕಂಬಳಿ ಹೊದಿಸು, ಬಿಸಿನೀರು ಕುಡಿಸು. ಒಬ್ಬಳಿಗಾಗಿ ಇಷ್ಟು ಜನ ಸಾಯೋದಾ?"

"ಮಾವ, ನೀನು ಹೆತ್ತಿದ್ದೀಯಾ?"

"ಇದೊಂದು ಮಾತು ನಿಮಗೆ."

"ಅತ್ತೆ ಹೆತ್ತಾಗ ಸೌದೆ ತಂದೋನು ನೀನು. ಒದ್ದೆ ಸೌದೆ ತಂದೆ ಅಂತ ಅವರು ಮಂಚದ ಮೇಲಿಂದಾನೆ ಬೈದಿದ್ದು ಊರಿಗೆಲ್ಲ ಕೇಳಿಸಿತ್ತು."

"ಆಗ ಆಕಾಶದಲ್ಲಿ ಕಾಗೆ ಮಾತ್ರ ಇತ್ತು ಬುವಾಲಾ."

"ಹೊಗೆ ಬರಲ್ಲ. ಇದ್ದಿಲು ಮಾಡ್ತೀನಿ."

ಅವಳು ಹೇಳಿದಂತೆ ಮಾಡಿದಳು. ಇರುಳೆಲ್ಲ ಗದ್ದೆಯಲ್ಲಿ ದುಡಿದು ಬಂದು, ಮಂಜು ಇಳಿದ ಮುಂಜಾವುಗಳಲ್ಲಿ ಹುಣಿಸೆಯ ಕೊರಡುಗಳನ್ನು ಗುಂಡಿಯಲ್ಲಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಸುಡುತ್ತಿದ್ದಳು. ಮಂಜು ಹರಿಯುವ ಮೊದಲೇ ಗುಂಡಿಯ ಬಾಯಿ ಬಿಗಿಯುತ್ತಿದ್ದಳು. ಅವಳ ಕಣ್ಣುಗಳು ಸದಾ ಕೆಂಪಾಗಿರುತ್ತಿದ್ದವು. ಇದ್ದಿಲಿನ ರಾಶಿ ಬೆಳೆಯಿತು. ಥಿತ್ ಬುನ್ ಒಂದು ತುಂಡಿಗೆ ಬೆಂಕಿ ಹಚ್ಚಿಸಿ, ಗುಡ್ಡದ ನೆತ್ತಿಗೆ ತಾನೇ ಹೋಗಿ ಬಿರುಕಿನ ಬಾಯಿ ನೋಡಿಕೊಂಡು ಬಂದ. ಏನೂ ಕಾಣಲಿಲ್ಲ ಎಂದ. ಒಪ್ಪಿದ.

ಚಳಿಗಾಲದ ನಡುವೆ ಓನ್ಸೀ ಹೆಣ್ಣು ಹೆತ್ತಳು. ಹೆರುವಾಗ ಹೊರಗೆ ಎಲ್ಲೋ ಬಾಂಬು ಬೀಳುತ್ತಿತ್ತು. ಗವಿಯ ಸೂರಿನಿಂದ ಮಣ್ಣು ಉದುರಿ ಅವಳ ಬೆವರಿಗೆ ಅಂಟುತ್ತಿತ್ತು. ಮಾಲೀ ಅವಳ ಬಾಯಿಗೆ ಬಟ್ಟೆ ಕೊಟ್ಟು, "ಕಿರುಚು, ಇವತ್ತು ಅವನ ಸದ್ದೇ ಜಾಸ್ತಿ ಇದೆ," ಎಂದಳು. ರಕ್ತ ಬಹಳ ಹೋಯಿತು. ಬುವಾಲಾ ಬಿರುಕಿನ ಅಡಿಯಲ್ಲಿ ಮಂಚ ಹಾಕಿ ಕೆಂಡ ತುಂಬಿದಳು.

ಮೊದಲ ದಿನಗಳಲ್ಲಿ ಓನ್ಸೀಯ ತುಟಿ ಬೂದಿಯ ಬಣ್ಣಕ್ಕಿತ್ತು. ಬುವಾಲಾ ಬೆಂಕಿಯನ್ನು ಆರಗೊಡಲಿಲ್ಲ, ಮಲಗಲೂ ಇಲ್ಲ. ಕ್ರಮೇಣ ತುಟಿಗೆ ಬಣ್ಣ ಬಂತು, ಬಾಯಿಗೆ ಮಾತು ಬಂತು.

"ಅಮ್ಮ, ನನ್ನೇನು ಮೀನು ಅಂದ್ಕೊಂಡ್ಯಾ, ಹೀಗೆ ಸುಡ್ತೀಯ?"

"ಮೀನಾದ್ರೆ ಮಾತಾಡದೆ ತಿರುಗೋದು. ಬೆನ್ನು ಈ ಕಡೆ ಹಾಕು."

ಗವಿಯ ಚಳಿಗೆ ಮುದುಕಿಯರೂ ಮಕ್ಕಳೂ ಆ ಬೆಂಕಿಯ ಸುತ್ತ ಬಂದು ಸೇರತೊಡಗಿದರು. ಮಾಲೀಯ ತಾಯಿ ಅಲ್ಲೇ ತೂಕಡಿಸುತ್ತಿದ್ದಳು. ನೋಯ್ ಕೂಸಿನ ಬೆರಳು ಹಿಡಿದು, ಉಗುರು ಇಷ್ಟು ಚಿಕ್ಕದು ಯಾರು ಮಾಡಿದರು ಎಂದು ದಿನವೂ ಕೇಳುತ್ತಿದ್ದಳು. ಬೆಂಕಿ ಬೇಡವೆಂದವರೂ ಕೈ ಚಾಚಿ ಕೂತರು.

ಬೆಂಕಿಗೆ ಕೂತವಳನ್ನು ಸುಮ್ಮನೆ ಎಬ್ಬಿಸುವಂತಿಲ್ಲ. ಏಳುವ ದಿನ ಬಾಣಂತಿಯ ತಾಯಿ ಬೆಂಕಿಗೆ ಕೈಮುಗಿದು, ಇಷ್ಟು ದಿನ ಕಾಪಾಡಿದ್ದೀಯ, ಇನ್ನು ಇವಳನ್ನು ಬಿಡು ಎಂದು ಬೇಡಿ, ನೀರು ಹೊಯ್ದು ಆರಿಸಬೇಕು. ತಾನಾಗಿ ಆರಲು ಬಿಟ್ಟ ಬೆಂಕಿ ಬಾಣಂತಿಯ ಮೈಹೊಕ್ಕು ಹಿಂಬಾಲಿಸುತ್ತದೆ. ಹಾಲು ಬತ್ತುತ್ತದೆ, ತಲೆ ಕೆಡುತ್ತದೆ. ನೀರು ಹೊಯ್ದ ಮೇಲೆ ಬಾಣಂತಿ ಹೊಳೆಗೆ ಹೋಗಿ ಮೀಯಬೇಕು.

ಆ ಬೆಳಗ್ಗೆ ಬುವಾಲಾ ಗವಿಯ ಬಾಯಿಗೆ ಬಂದು ಕೇಳಿದಳು. "ಮಾವ, ಮಂಜು ಹೇಗಿದೆ?"

ಕಾವಲು ಕೂತಿದ್ದ ಥಿತ್ ಬುನ್ ಕೈ ಚಾಚಿ ತೋರಿಸಿದ. ಕೈಯ ಬೆರಳು ಅವನಿಗೇ ಕಾಣುತ್ತಿರಲಿಲ್ಲ. "ಚೆನ್ನಾಗಿದೆ. ಬೇಗ ಮುಗಿಸು."

ಅವಳು ಒಳಗೆ ಬಂದಳು. ಓನ್ಸೀಯ ತಲೆ ಬಾಚಿ ಗಂಟು ಕಟ್ಟಿದಳು. ಬಿದಿರ ಕೊಳವೆಯಲ್ಲಿ ನೀರು ತಂದು ಇಟ್ಟಳು. ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಓನ್ಸೀ ಮೊಲೆಗೆ ಹಾಕಿದಳು. ಹಾಲು ಕುಡಿಯುವ ಕೂಸನ್ನು ಕಿತ್ತು ತಾಯಿಯನ್ನು ಎಬ್ಬಿಸಬಾರದು. ಕುಡಿದು ಮುಗಿಸಲಿ ಎಂದು ಬುವಾಲಾ ಕೂತಳು. ಕೂಸು ನಿಧಾನದ್ದು. ಎರಡು ಗುಟುಕು ಕುಡಿದು ಕಣ್ಣು ಮುಚ್ಚುವುದು, ಮತ್ತೆ ನೆನಪಾದಂತೆ ಚೀಪುವುದು. ಬುವಾಲಾ ಅದನ್ನೇ ನೋಡುತ್ತ ಕೂತಳು. ಅಷ್ಟು ತಿಂಗಳಲ್ಲಿ ಕೈ ಕಟ್ಟಿ ಕೂತು ಏನನ್ನಾದರೂ ನೋಡಿದ್ದು ಅದೇ ಮೊದಲು.

ಕೂಸು ಬಾಯಿ ಬಿಟ್ಟಿತು. ಬುವಾಲಾ ಕೈಮುಗಿದು, ಬೇಡಿಕೊಂಡು ನೀರು ಹೊಯ್ದಳು. ಎಷ್ಟೋ ದಿನಗಳ ಕೆಂಡದ ರಾಶಿ, ಅದರ ಅಡಿಯಲ್ಲಿ ಕಾದ ಕಲ್ಲು. ನೀರು ಬಿದ್ದದ್ದೇ ಬೆಂಕಿ ಬುಸುಗುಟ್ಟಿತು. ಬೆಳ್ಳನೆಯ ಹಬೆ ಎದ್ದು, ಮಕ್ಕಳೆಲ್ಲ ಹೋ ಎನ್ನುತ್ತಿರಲು, ನೆಟ್ಟಗೆ ಬಿರುಕಿನೊಳಗೆ ಹೋಯಿತು. ಎಲ್ಲ ಆರುವವರೆಗೆ ಅವಳು ಕೊಳವೆಯ ಮೇಲೆ ಕೊಳವೆ ಹೊಯ್ದಳು.

"ನಾನೂ ಬರ್ತೀನಿ, ಬಟ್ಟೆ ಒಗೆಯೋದಿದೆ," ಎಂದಳು ಮಾಲೀ. ನೋಯ್ ತಾನೂ ಬರುವೆನೆಂದು ಹಟ ಹಿಡಿದಳು. "ನೀರು ತಣ್ಣಗಿದೆ, ಅಜ್ಜಿ ಹತ್ರ ಇರು. ಇಲ್ಲೇ ಬೆಚ್ಚಗಿದೆ," ಎಂದು ಮಾಲೀ ಗದರಿದಳು. ಮೂವರು ಹೆಂಗಸರು ಕೂಸನ್ನು ಎತ್ತಿಕೊಂಡು ಹೊಳೆಯ ಕಡೆ ಇಳಿದರು. ಬಿದಿರುಮೆಳೆಯ ನೆರಳು ಮುಗಿಯುವ ಕಡೆ ಓನ್ಸೀ ಕಣ್ಣಿಗೆ ಕೈ ಅಡ್ಡ ಹಿಡಿದಳು. ಬಿಸಿಲಿತ್ತು. ಎಲ್ಲಿಂದಲೋ ಗಾಳಿ ಎದ್ದು ಮಂಜನ್ನು ಬಾಚಿಕೊಂಡು ಹೋಗಿತ್ತು.

ಬುವಾಲಾ ಹಿಂತಿರುಗಿ ನೋಡಿದಳು. ಗುಡ್ಡದ ನೆತ್ತಿಯ ಮೇಲೆ, ತೊಳೆದಿಟ್ಟಂತಿದ್ದ ನೀಲಿ ಆಕಾಶದಲ್ಲಿ, ಬಿಳಿಯ ಕಂಬವೊಂದು ನಿಂತಿತ್ತು. ಅದರ ತುದಿ ಇನ್ನೂ ಬೆಳೆಯುತ್ತಲೇ ಇತ್ತು.

ಸಣ್ಣ ವಿಮಾನದ ಗುಂಯ್‌ಗುಡುವ ಸದ್ದು ಆಗಲೇ ಕೇಳುತ್ತಿತ್ತು. ಅದು ಕೊಲ್ಲುವ ವಿಮಾನವಲ್ಲ, ಹುಡುಕುವ ವಿಮಾನ. ಕಂಬದ ಸುತ್ತ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತಿಗೆ ಕೆಳಗಿಳಿದು ಗವಿಯ ಬಾಯಿಯ ಹತ್ತಿರ ಬಿಳಿ ಹೊಗೆಯ ಗುರುತು ಹಾರಿಸಿ ಪಕ್ಕಕ್ಕೆ ಸರಿಯಿತು. ಬುವಾಲಾ ಓನ್ಸೀಯನ್ನೂ ಕೂಸನ್ನೂ ಹೊಳೆದಂಡೆಯ ಬಂಡೆಯ ಸಂದಿಗೆ ತಳ್ಳಿದಳು. ಮಾಲೀ ಬಟ್ಟೆಯ ಗಂಟು ಎಸೆದು ಗವಿಯ ಕಡೆ ಓಡಿದಳು. ಬುವಾಲಾ ಅವಳ ಹಿಂದೆ ಬಿದ್ದು ಲಂಗ ಹಿಡಿದು ಎಳೆದಳು. ಇಬ್ಬರೂ ಬಿದ್ದರು. ಮಾಲೀ ಒದ್ದಳು, ಕೈ ಕಚ್ಚಿದಳು, ಕಚ್ಚಿದ ಕಡೆ ಮಾಂಸ ಕಿತ್ತು ಬಂತು. ಬುವಾಲಾ ಬಿಡಲಿಲ್ಲ. ಒನಕೆ ತುಳಿದ ಕಾಲುಗಳಿಂದ ಅವಳ ಸೊಂಟ ಬಿಗಿದು, ಜಡೆ ಕೈಗೆ ಸುತ್ತಿಕೊಂಡು, ಅವಳ ಮುಖವನ್ನು ಮರಳಿಗೆ ಒತ್ತಿ ಮೇಲೆ ಮಲಗಿದಳು.

ದೊಡ್ಡ ವಿಮಾನಗಳು ಬಂದವು. ಮೊದಲನೆಯದರ ಬಾಂಬು ಗುಡ್ಡದ ಪಕ್ಕೆಗೆ ಬಿದ್ದು ಬಿದಿರುಮೆಳೆ ಎದ್ದು ಹಾರಿತು. ಮರೆ ಹೋಗಿ ಗವಿಯ ಬಾಯಿ ಬತ್ತಲಾಯಿತು. ಇನ್ನೊಂದು ವಿಮಾನ ತಗ್ಗಿನಲ್ಲಿ, ಹೊಳೆಯ ಮೇಲಿನಿಂದಲೇ ಬಂತು. ಅದರ ನೆರಳು ಅವರಿಬ್ಬರ ಬೆನ್ನಿನ ಮೇಲೆ ಹಾದುಹೋಯಿತು. ಅದು ಬಿಟ್ಟ ರಾಕೆಟ್ಟು ನೇರವಾಗಿ ಒಳಗೆ ಹೋಯಿತು. ಹೊರಗೆ ದೊಡ್ಡ ಸದ್ದಾಗಲಿಲ್ಲ. ಸದ್ದು ಒಳಗೇ ಆಯಿತು, ನೆಲದ ಮೂಲಕ ಹೊಟ್ಟೆಗೆ ಬಂತು. ಆಮೇಲೆ ಗವಿಯ ಬಾಯಿಂದ ಬೆಂಕಿಯ ನಾಲಿಗೆ ಚಾಚಿ ಒಳಗೆಳೆದುಕೊಂಡಿತು. ಬಿರುಕಿನಿಂದ ಈಗ ಕಪ್ಪು ಹೊಗೆ ಬಂತು.

ವಿಮಾನದ ಸದ್ದು ಅಡಗಿದ ಮೇಲೆ ಒಳಗೆ ಹೋದವರು ಬುವಾಲಾ, ಮಾಲೀ, ಮತ್ತು ಗೆಣಸು ಅಗೆಯಲು ಕಾಡಿಗೆ ಹೋಗಿದ್ದ ಕೆಲವು ಹೆಂಗಸರು. ಥಿತ್ ಬುನ್ ಬದುಕಿದ್ದ. ಮೊದಲ ಬಾಂಬಿಗೆ ಗವಿಯ ಬಾಯಿಂದ ಹೊರಗೆ ಎಸೆಯಲ್ಪಟ್ಟು, ಒಂದು ಕಿವಿ ಸುಟ್ಟು, ಸುಮ್ಮನೆ ಕೂತಿದ್ದ. ಅವನ ಹೆಂಡತಿ ಒಳಗಿದ್ದಳು. ಬಾಗಿಲ ಬಳಿ ಪಡೆಯ ಅಕ್ಕಿ ಉರಿಯುತ್ತಿತ್ತು. ಅನ್ನ ತಳ ಹಿಡಿದ ವಾಸನೆ. ಅದರ ಹಿಂದೆ ಬೇರೆ ವಾಸನೆ. ಜನ ಓಡಿ ಕೊನೆಯ ಗೋಡೆಗೆ ಒತ್ತಿಕೊಂಡಿದ್ದರು, ಒಬ್ಬರ ಮೇಲೊಬ್ಬರು ಬೆಂದಿದ್ದರು. ಬಿಡಿಸಲು ಹೋದರೆ ಕೈ ಕೈಗೇ ಬರುತ್ತಿತ್ತು.

ಯಾರು ಯಾರೆಂದು ಮುಖ ನೋಡಿ ಹೇಳುವಂತಿರಲಿಲ್ಲ. ಹೆಂಗಸರನ್ನು ಲಂಗದ ಅಂಚಿನಿಂದ ಗುರುತಿಸಿದರು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಅಂಚು ಕೆಲವು ಕಡೆ ಸುಡದೆ ಉಳಿದಿತ್ತು. ಕೆಸರು ಬಣ್ಣದ ಅಡಿಯಲ್ಲೂ ಬುವಾಲಾ ತನ್ನ ನೇಯ್ಗೆಯನ್ನು ಬೆರಳಿನಿಂದ ಸವರಿ ಓದಿದಳು: ಇದು ಥಿತ್ ಬುನ್ ಮಾವನ ಹೆಂಡತಿಗೆ ಮೊಮ್ಮಗ ಹುಟ್ಟಿದಾಗ ನೆಯ್ದದ್ದು. ಇದು ಮಾಲೀಯ ತಾಯಿಗೆ. ಮುದುಕರನ್ನೂ ಮಕ್ಕಳನ್ನೂ ಗುರುತಿಸಲು ಏನೂ ಇರಲಿಲ್ಲ. ಮಾಲೀಯ ತಾಯಿಯ ಹೊಟ್ಟೆಯ ಅಡಿಯಲ್ಲಿ ಒಂದು ಮಗು ಇತ್ತು. ಮಾಲೀ ಅದನ್ನು ಎತ್ತಿಕೊಂಡು ಹೊರಗೆ ಹೋದಳು. ಅದು ನೋಯ್ ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಪಡೆಯ ಸೋಂಚಿತ್ ಬಂದ. ಅಕ್ಕಿ ಲೆಕ್ಕಕ್ಕೆ ಬರುತ್ತಿದ್ದ ತರುಣ, ಕೆಟ್ಟವನಲ್ಲ. ಸತ್ತವರಿಗೆ ತಲೆ ಬಾಗಿಸಿದ. ಆಮೇಲೆ ಮೆತ್ತಗೆ ಕೇಳಿದ. "ಮೂಟೆ ಏನಾದ್ರೂ ಉಳಿದಿದ್ಯಾ?"

ಅವನು ಎಲ್ಲರನ್ನೂ ಮರದಡಿ ಕೂರಿಸಿ, ಹೇಗಾಯಿತು ಎಂದು ವಿಚಾರಿಸಿದ.

"ಬೇಗ ಮುಗಿಸು ಅಂದಿದ್ದೆ," ಎಂದ ಥಿತ್ ಬುನ್, ನೆಲ ನೋಡುತ್ತ. "ಮಂಜು ಇತ್ತು. ಬೇಗ ಮುಗಿಸು ಅಂದಿದ್ದೆ."

ಸೋಂಚಿತ್ ಬುವಾಲಾಳ ಕಡೆ ತಿರುಗಿದ. "ಅಮ್ಮಾ, ಇನ್ನೊಂದು ಊರಲ್ಲಿ ಹೀಗಾಗಬಾರದು. ಹಳೇ ನಂಬಿಕೆ ಅಂತ ಬೆಂಕಿ ಹಾಕಿ ಇಷ್ಟು ಜನರನ್ನ ಕಳ್ಕೊಂಡ್ವಿ ಅಂತ ನೀವೇ ಎಲ್ಲರ ಮುಂದೆ ಒಪ್ಪಿ ಹೇಳಿ. ನಾಲ್ಕು ಊರಿಗೆ ಪಾಠ ಆಗುತ್ತೆ."

ಬುವಾಲಾ ಎದ್ದು ನಿಂತಳು. ಕಚ್ಚಿದ ಕೈಗೆ ಸೊಪ್ಪು ಕಟ್ಟಿತ್ತು.

"ನೀರು ಹಾಕಿದ್ದು ನಾನು. ನನ್ನ ಮೊಮ್ಮಗಳು ಹಾಲು ಕುಡೀತಿದ್ಲು, ತಡ ಮಾಡಿದ್ದೂ ನಾನೆ. ಇದನ್ನ ಎಷ್ಟು ಊರಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಪೂರ್ತಿ ಹೇ​ಳ್ಬೇಕಲ್ಲ. ಬಾಗಿಲಲ್ಲಿ ನಿಮ್ಮ ಅಕ್ಕಿ ಇತ್ತು. ಅದನ್ನ ಕುಟ್ಟಿದ್ದೂ ನಾನೆ. ಆ ವಿಮಾನದವನು ಬಂದು ಕೇಳಿದ್ರೆ, ಇಲ್ಲಿ ಪಡೆಯ ಅಕ್ಕಿ ಇತ್ತಾ ಅಂತ, ಇತ್ತಪ್ಪ ಅಂತೀನಿ. ಅಕ್ಕಿ ಪಕ್ಕ ಮಕ್ಕಳಿದ್ದು ನಿನಗೆ ಗೊತ್ತಿತ್ತಾ ಅಂತ ಅವನನ್ನೂ ಕೇಳ್ತೀನಿ. ಗೊತ್ತಿರಲಿಲ್ಲ ಅಂದ್ರೆ, ನೋಡದೆ ಯಾಕೆ ಹಾಕಿದೆ? ಗೊತ್ತಿತ್ತು ಅಂದ್ರೆ, ಆಮೇಲೆ ಮಾತೇ ಇಲ್ಲ." ಅವಳು ಉಸಿರು ತೆಗೆದುಕೊಂಡಳು. "ಈ ಕಣಿವೆಯಲ್ಲಿ ಹೊಗೆ ಕಂಡ್ರೆ ದಾರಿಹೋಕರು ಏನು ಮಾಡ್ತಿದ್ರು ಸೋಂಚಿತ್? ನಿಮ್ಮಮ್ಮನ್ನ ಕೇಳು. ಅಲ್ಲೊಂದು ಒಲೆ ಉರೀತಿದೆ, ಊಟ ಸಿಗುತ್ತೆ ಅಂತ ಬರ್ತಿದ್ರು. ಹೊಗೇಲಿ ಬಾಂಬ್ ಇರಲ್ಲಪ್ಪ. ಬಾಂಬ್ ಇರೋದು ವಿಮಾನದಲ್ಲಿ. ಹೊಗೆ ಕಂಡ್ರೆ ಕೊಲ್ಲು ಅಂತ ಅವನಿಗೆ ಯಾರು ಹೇಳಿಕೊಟ್ರೋ ಅವರ ತಾಯಿನೂ ಒಂದು ಒಲೆ ಹಚ್ಚಿರಬೇಕು."

ಸೋಂಚಿತ್ ಹೇಳಿದ. "ಗದ್ದೆ ಬಿಡೋ ಹಾಗಿಲ್ಲ. ಕಾಡಲ್ಲಿ ಗುಂಡಿ ತೋಡಿ ಇರಿ. ಮುಂದಿನ ತಿಂಗಳ ಅಕ್ಕಿ..."

"ಕುಟ್ಟಲ್ಲ," ಎಂದಳು ಬುವಾಲಾ. "ನಾನು ಮಗಳನ್ನ ಕರ್ಕೊಂಡು ಕೆಳಗೆ ಸರ್ಕಾರದ ಸೀಮೆಗೆ ಹೋಗ್ತೀನಿ. ದ್ರೋಹಿ ಅಂತ ಹೊಡೀಬೇಕಾದ್ರೆ ಈಗಲೇ ಹೊಡಿ. ಬೆನ್ನಿಗೆ ಹೊಡೀಬೇಡ, ಕೂಸು ಬೆನ್ನಲ್ಲಿರುತ್ತೆ."

ಅವನು ಹೊಡೆಯಲಿಲ್ಲ. ಕತ್ತಲಾಗುವ ಮೊದಲು ಉಳಿದವರೆಲ್ಲ ಹೊರಟರು. ಥಿತ್ ಬುನ್ ಬರಲಿಲ್ಲ. ಹೂಳಿದವರ ಹತ್ತಿರ ಯಾರಾದರೂ ಇರಬೇಕು ಎಂದ.

ದಾರಿಯುದ್ದಕ್ಕೂ ಮಾಲೀ ಬುವಾಲಾಳ ಹತ್ತಿರ ಸುಳಿಯಲಿಲ್ಲ. ನಡೆಯುವಾಗ ಮುಂದೆ, ಮಲಗುವಾಗ ಬೇರೆ ಮರದ ಕೆಳಗೆ. ಬೆಂಕಿ ಹಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ನೆನೆಸಿದ ಹಸಿ ಅಕ್ಕಿಯನ್ನೇ ಜಗಿದರು. ಬಾಣಂತಿ ತಣ್ಣನೆಯದು ಮುಟ್ಟಬಾರದು. ಓನ್ಸೀ ಎಲ್ಲರಂತೆ ಬೊಗಸೆ ಒಡ್ಡಿ ತಿಂದಳು. ಬುವಾಲಾ ಬೇಡವೆನ್ನಲಿಲ್ಲ. ಅವಳ ನಡಿಗೆಯನ್ನು, ಲಂಗದ ಹಿಂಭಾಗವನ್ನು ಮಾತ್ರ ಕಳ್ಳಗಣ್ಣಿನಿಂದ ನೋಡುತ್ತಿದ್ದಳು, ರಕ್ತ ಇದೆಯೇ ಎಂದು. ಇರಲಿಲ್ಲ.

ಒಂದು ಏರಿನಲ್ಲಿ ದಣಿವಾರಿಸಿಕೊಳ್ಳಲು ಕೂತಾಗ ಮಾಲೀ ತಾನಾಗಿ ಬಂದು ಎದುರು ನಿಂತಳು. ಉಳಿದವರು ಬೆಂಕಿಗೆ ನೀರು ಹೊಯ್ದ ಮಾತು ಬಂತು ಎಂದುಕೊಂಡರು.

"ನೀರಿನ ಮಾತಲ್ಲ," ಎಂದಳು ಮಾಲೀ. "ನಾನಾದ್ರೂ ಹಾಗೇ ಹಾಕ್ತಿದ್ದೆ. ನನ್ನನ್ನ ಯಾಕೆ ಹಿಡ್ದೆ?"

ಬುವಾಲಾ ತಲೆ ಎತ್ತಿದಳು.

"ಅವಳು ನನ್ನ ಕೂಗಿರ್ತಾಳೆ. ನಾನು ಒಳಗಿದ್ದಿದ್ರೆ ಕೂಗೋದು ನಿಲ್ಸಿರ್ತಿದ್ಲು. ಅಷ್ಟಾದ್ರೂ ಆಗ್ತಿತ್ತು. ನಿನ್ನ ಮಗಳನ್ನ ಉಳಿಸ್ಕೊಂಡೆ, ಸರಿ. ನನ್ನನ್ನ ಯಾಕೆ ಹಿಡ್ದೆ?"

"ಕೈಗೆ ಎಟುಕಿದ್ದು ನೀನೊಬ್ಬಳೆ, ಮಾಲೀ."

ಮಾಲೀಯ ಬಾಯಿಂದ ಕ್ಷಮೆಯ ಮಾತು ಬರಲಿಲ್ಲ. ಆಮೇಲೆ ವರ್ಷಗಟ್ಟಲೆ ನಿರಾಶ್ರಿತರ ಶಿಬಿರದಲ್ಲಿ ಅವರಿಬ್ಬರ ಗುಡಿಸಲುಗಳು ಅಕ್ಕಪಕ್ಕದಲ್ಲೇ ಇದ್ದರೂ ಆ ಮಾತು ಬರಲಿಲ್ಲ. ಆ ಏರಿನಲ್ಲಿ ಅಷ್ಟರಲ್ಲಿ ದೂರದಿಂದ ವಿಮಾನದ ಸದ್ದು ಎದ್ದಿತು. ಓನ್ಸೀ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳಲು ತಡಕಾಡುತ್ತಿದ್ದಳು, ಗಂಟು ಬೀಳುತ್ತಿರಲಿಲ್ಲ. ಮಾಲೀ ಹೋಗಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು, ಕೂಸನ್ನು ತನ್ನ ಬೆನ್ನಿಗೆ ಹಾಕಿ ಎದೆಯ ಮೇಲೆ ಬಿಗಿಯಾಗಿ ಗಂಟು ಹಾಕಿದಳು.

"ಏಳಿ," ಎಂದಳು, ಯಾರ ಮುಖವನ್ನೂ ನೋಡದೆ. "ಮರದ ಕೆಳಗೆ ಸೇರ್ಕೊಳ್ಳಿ."